ಲಾರಿಯ ಹೈಡ್ರಾಲಿಕ್ ಕ್ಲಚ್ಚು: ಸಿಲಿಂಡರ್ ಬದಲಾವಣೆ ಮತ್ತು ಗಾಳಿ ತೆಗೆಯುವ ಕ್ರಮ

ಟೊಮ್ಯಾಟೊ, ಹೂಕೋಸು, ಸೊಪ್ಪು ಮುಂತಾದ ಬೇಗ ಕೆಡುವ ಮಾಲನ್ನು ತಮ್ಮದೇ ಸಣ್ಣ ಲಾರಿ ಅಥವಾ ಪಿಕಪ್ ವಾಹನದಲ್ಲಿ ಮಾರುಕಟ್ಟೆಗೆ ಒಯ್ಯುವ ರೈತರು ಈಗ ಬಹಳ ಮಂದಿ. ರಾತ್ರಿ ತುಂಬಿದ ಟೊಮ್ಯಾಟೊ ಹರಾಜಿನ ವೇಳೆಗೆ ಕೋಲಾರ ತಲುಪದಿದ್ದರೆ ಆಗುವ ನಷ್ಟವನ್ನು ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಪೆಡಲು ಮೆತ್ತಗಾಗಿ ಗೇರು ಬೀಳದಾದಾಗ "ಕ್ಲಚ್ ಪ್ಲೇಟು ಹೋಯಿತು" ಎಂದು ಗೇರುಪೆಟ್ಟಿಗೆಯನ್ನೇ ಇಳಿಸಿಬಿಡುವುದುಂಟು. ಆದರೆ ಅನೇಕ ವೇಳೆ ಕೆಟ್ಟಿರುವುದು ಹೆಬ್ಬೆರಳ ಗಾತ್ರದ ಒಂದು ರಬ್ಬರ್ ಕಪ್ಪು ಮಾತ್ರ. ಅದನ್ನು ಗುರುತಿಸುವುದು ಹೇಗೆ, ಬದಲಾಯಿಸಿದ ಮೇಲೆ ಗಾಳಿ ತೆಗೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಣ್ಣೆಯ ಕೆಲಸ

ಈ ಬಗೆಯ ಕ್ಲಚ್ಚಿನಲ್ಲಿ ಪೆಡಲಿಗೂ ಗೇರುಪೆಟ್ಟಿಗೆಗೂ ನಡುವೆ ತಂತಿಯಾಗಲಿ ಸರಳಾಗಲಿ ಇರುವುದಿಲ್ಲ. ಪೆಡಲಿನ ಬಳಿ ಮಾಸ್ಟರ್ ಸಿಲಿಂಡರ್, ಗೇರುಪೆಟ್ಟಿಗೆಯ ಪಕ್ಕದಲ್ಲಿ ಸ್ಲೇವ್ ಸಿಲಿಂಡರ್, ಇವೆರಡರ ನಡುವೆ ಎಣ್ಣೆ ತುಂಬಿದ ಕೊಳವೆ ಇರುತ್ತದೆ. ಪೆಡಲು ಒತ್ತಿದಾಗ ಎಣ್ಣೆ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ನು ಕ್ಲಚ್ ಫೋರ್ಕನ್ನು ನೂಕುತ್ತದೆ. ಎಣ್ಣೆಯನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಫೋರ್ಕು ಸರಿಯಬೇಕಾದ ದೂರ ಕೆಲವೇ ಮಿಲಿಮೀಟರು. ಆದ್ದರಿಂದ ಕೊಳವೆಯಲ್ಲಿ ಸ್ವಲ್ಪ ಗಾಳಿ ಸೇರಿದರೂ ಕಾಲಿನ ಒತ್ತಡವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿದು ಕ್ಲಚ್ಚು ಪೂರ್ತಿ ಬಿಡುವುದಿಲ್ಲ. ಟ್ರಾಕ್ಟರಿನಲ್ಲಿ ಡೀಸೆಲ್ ಖಾಲಿಯಾದರೆ ಮತ್ತೆ ತುಂಬಿಸಿದ ಮೇಲೂ ಗಾಳಿ ತೆಗೆಯದೆ ಎಂಜಿನ್ನು ಹತ್ತುವುದಿಲ್ಲವಷ್ಟೆ. ಇದೂ ಅದರ ಜಾತಿಯ ತೊಂದರೆಯೇ.

ಗೇರುಪೆಟ್ಟಿಗೆ ಇಳಿಸುವ ಮುನ್ನ

ಮೊದಲು ಎಣ್ಣೆಯ ಡಬ್ಬಿಯನ್ನು ನೋಡಬೇಕು. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಕ್ಯಾಬಿನ್ನಿನೊಳಗೆ ಪೆಡಲಿನ ಹಿಂಬದಿ ಒದ್ದೆಯಾಗಿದ್ದರೆ ಮಾಸ್ಟರ್ ಸಿಲಿಂಡರಿನ ದೋಷ. ಗೇರುಪೆಟ್ಟಿಗೆಯ ಪಕ್ಕದ ರಬ್ಬರ್ ಟೋಪಿಯನ್ನು ಸರಿಸಿದಾಗ ಎಣ್ಣೆ ತೊಟ್ಟಿಕ್ಕಿದರೆ ಸ್ಲೇವ್ ಸಿಲಿಂಡರಿನ ದೋಷ. ಹೊರಗೆಲ್ಲೂ ಸೋರಿಕೆಯಿಲ್ಲದೆ, ಒತ್ತಿ ಹಿಡಿದ ಪೆಡಲು ನಿಧಾನವಾಗಿ ಕುಸಿಯುತ್ತ ಹೋದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ಪು ಎಣ್ಣೆಯನ್ನು ಹಿಂದಕ್ಕೆ ಬಿಡುತ್ತಿದೆ ಎಂದು ತಿಳಿಯಬೇಕು. ಪೆಡಲನ್ನು ನಾಲ್ಕೈದು ಬಾರಿ ಬೇಗಬೇಗನೆ ತುಳಿದಾಗ ಗೇರು ಬೀಳುವುದಾದರೆ ದೋಷ ಎಣ್ಣೆಯ ಭಾಗದಲ್ಲಿಯೇ ಇರುವ ಸಂಭವ ಹೆಚ್ಚು.

ಎಂಜಿನ್ನು ನಿಲ್ಲಿಸಿ, ಇನ್ನೊಬ್ಬರಿಂದ ಪೆಡಲು ಒತ್ತಿಸಿ, ಸ್ಲೇವ್ ಸಿಲಿಂಡರಿನ ಸರಳು ಎಷ್ಟು ಸರಿಯುತ್ತದೆಂದು ನೋಡುವುದು ಒಳ್ಳೆಯ ಪರೀಕ್ಷೆ. ಸರಳು ಸರಿಯಾಗಿ ಸರಿಯುತ್ತಿದ್ದರೂ ಗೇರು ಕರಕರ ಎನ್ನುತ್ತಿದ್ದರೆ ಆಗ ಗೇರುಪೆಟ್ಟಿಗೆ ಇಳಿಸುವ ಮಾತು ಆಡಬಹುದು. ಏರಿನಲ್ಲಿ ಎಂಜಿನ್ನು ಕೂಗಿದರೂ ಗಾಡಿ ಎಳೆಯದಿರುವುದು, ಸುಟ್ಟ ವಾಸನೆ ಬರುವುದು ಸಾಮಾನ್ಯವಾಗಿ ಪ್ಲೇಟು ಸವೆದ ಲಕ್ಷಣ. ಅದಕ್ಕೆ ಗಾಳಿ ತೆಗೆದು ಪ್ರಯೋಜನವಿಲ್ಲ. ಕೆಲವು ವಾಹನಗಳಲ್ಲಿ ಸ್ಲೇವ್ ಸಿಲಿಂಡರ್ ಗೇರುಪೆಟ್ಟಿಗೆಯ ಒಳಗೇ ಇರುತ್ತದೆ. ದೊಡ್ಡ ಲಾರಿಗಳಲ್ಲಿ ಗಾಳಿಯ ಒತ್ತಡದ ಬೂಸ್ಟರ್ ಜೋಡಿಸಿರುವುದೂ ಉಂಟು. ಅಂಥವನ್ನು ಮನೆಯಲ್ಲಿ ಬಿಚ್ಚದೆ ಅನುಭವಿ ಮೆಕ್ಯಾನಿಕ್ ಬಳಿಗೆ ಒಯ್ಯುವುದೇ ಲೇಸು.

ಯಾವ ಎಣ್ಣೆ?

ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಬ್ರೇಕ್ ಆಯಿಲನ್ನೇ, ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4 ಅನ್ನು, ಹಾಕತಕ್ಕದ್ದು. ನಡುರಾತ್ರಿ ದಾರಿಯಲ್ಲಿ ಸಿಕ್ಕಿಬಿದ್ದಾಗ ಕೈಗೆ ಸಿಕ್ಕ ಎಂಜಿನ್ ಆಯಿಲನ್ನು ಸುರಿದು ಊರು ಸೇರುವವರಿದ್ದಾರೆ. ಇದು ಬಹಳ ಕೆಟ್ಟ ಕೆಲಸ. ಎಂಜಿನ್ ಆಯಿಲು, ಡೀಸೆಲ್, ಸೀಮೆಎಣ್ಣೆ ಯಾವುದು ತಗುಲಿದರೂ ಈ ಕಪ್ಪುಗಳ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಒಂದು ಕಪ್ಪು ಬದಲಾಯಿಸಿ ಮುಗಿಯಬೇಕಾದ ಕೆಲಸ ಎರಡೂ ಸಿಲಿಂಡರು, ಕೊಳವೆಗಳವರೆಗೆ ಬೆಳೆಯುತ್ತದೆ. ಕ್ಲಚ್ಚು, ಬ್ರೇಕು ಎರಡಕ್ಕೂ ಒಂದೇ ಡಬ್ಬಿಯಿರುವ ವಾಹನದಲ್ಲಾದರೆ ಬ್ರೇಕೂ ಹೋಗುತ್ತದೆ. ತುಂಬಿದ ಗಾಡಿ ಘಟ್ಟದ ಇಳಿಜಾರಿನಲ್ಲಿರುವಾಗ ಇದರ ಪರಿಣಾಮ ಏನೆಂದು ಹೇಳಬೇಕಾಗಿಲ್ಲ. ಗಾಡಿಯಲ್ಲಿ ಬ್ರೇಕ್ ಆಯಿಲಿನ ಒಂದು ಸಣ್ಣ ಸೀಲು ಡಬ್ಬಿ ಇಟ್ಟುಕೊಂಡಿದ್ದರೆ ಈ ಪ್ರಮೇಯವೇ ಬರುವುದಿಲ್ಲ.

ಬ್ರೇಕ್ ಆಯಿಲು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಎಣ್ಣೆ 205 ಡಿಗ್ರಿ ಸೆಂಟಿಗ್ರೇಡಿನವರೆಗಾದರೂ ಕುದಿಯಬಾರದೆಂಬ ನಿಯಮವಿದೆ. ಸುಮಾರು ಶೇಕಡ 3.7 ರಷ್ಟು ನೀರು ಸೇರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ತೇವದಿಂದ ಸಿಲಿಂಡರಿನ ಒಳಗೋಡೆ ತುಕ್ಕು ತಿಂದು ಗುಳಿ ಬೀಳುವುದು ಇನ್ನೊಂದು ಹಾನಿ. ಆದಕಾರಣ ತೆರೆದಿಟ್ಟ ಹಳೆಯ ಡಬ್ಬಿಯ ಎಣ್ಣೆಯನ್ನು ಬಳಸಕೂಡದು.

ಬದಲಾಯಿಸುವಾಗ

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಎರಡು ಕಡೆಯೂ ಕಲ್ಲು ಕೊಡಬೇಕು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಲಗಬಾರದು. ಡಬ್ಬಿಯ ಮುಚ್ಚಳ ಮತ್ತು ಕೊಳವೆಯ ಕೀಲುಗಳ ಸುತ್ತಲಿನ ಮಣ್ಣನ್ನು ಒರೆಸಿದ ಮೇಲೆಯೇ ಬಿಚ್ಚಬೇಕು. ಕಣದಷ್ಟು ಮರಳು ಒಳಹೊಕ್ಕರೂ ಹೊಸ ಕಪ್ಪನ್ನು ಗೀರಿಬಿಡುತ್ತದೆ.

ಒಳಗೋಡೆ ಕನ್ನಡಿಯಂತೆ ನಯವಾಗಿದ್ದರೆ ರಬ್ಬರ್ ಕಿಟ್ಟು ಹಾಕಿದರೆ ಸಾಕು. ಉಗುರಿಗೆ ಗೀರು ಅಥವಾ ಗುಳಿ ತಗುಲಿದರೆ ಸಿಲಿಂಡರನ್ನೇ ಬದಲಾಯಿಸಬೇಕು. ಉಪ್ಪುಕಾಗದದಿಂದ ಉಜ್ಜಿ ಸರಿಮಾಡುತ್ತೇವೆಂಬ ಮಾತಿಗೆ ಒಪ್ಪಬೇಡಿ. ಎರಡು ಸಿಲಿಂಡರಿನ ರಬ್ಬರಿಗೂ ಒಂದೇ ವಯಸ್ಸು. ಒಂದನ್ನು ಹೊಸದು ಮಾಡಿದಾಗ ಒತ್ತಡ ಹೆಚ್ಚಿ ಇನ್ನೊಂದು ಕೆಲದಿನಗಳಲ್ಲೇ ಸೋರುವುದುಂಟು. ಸುಗ್ಗಿಯ ಕಾಲದಲ್ಲಿ ಎರಡು ಬಾರಿ ಗಾಡಿ ನಿಲ್ಲಿಸುವುದಕ್ಕಿಂತ ಎರಡನ್ನೂ ಒಟ್ಟಿಗೆ ಮಾಡಿಸುವುದು ಅಗ್ಗ. ಬಿಡಿಭಾಗಗಳನ್ನು ತೊಳೆಯಲು ಪೆಟ್ರೋಲ್ ಬೇಡ, ಹೊಸ ಬ್ರೇಕ್ ಆಯಿಲೇ ಸಾಕು. ಅದನ್ನೇ ಕಪ್ಪಿಗೆ ಸವರಿ, ಅದರ ಅಂಚು ಮಡಿಚದಂತೆ ಕೂರಿಸಬೇಕು. ಕೊಳವೆಯ ಕೀಲಿನಲ್ಲಿ ತಾಮ್ರದ ವಾಷರುಗಳಿದ್ದರೆ ಹೊಸವನ್ನೇ ಹಾಕಬೇಕು. ಗಾಳಿ ಮೇಲಕ್ಕೇರುವುದರಿಂದ ಸ್ಲೇವ್ ಸಿಲಿಂಡರಿನ ನಿಪ್ಪಲ್ಲು ಮೇಲ್ಮುಖವಾಗಿರಬೇಕು. ತಲೆಕೆಳಗಾಗಿ ಕೂರಿಸಿದರೆ ದಿನವಿಡೀ ತುಳಿದರೂ ಗಾಳಿ ಹೋಗದು.

ಗಾಳಿ ತೆಗೆಯುವುದು

ಇದಕ್ಕೆ ಇಬ್ಬರು ಬೇಕು. ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ಎಣ್ಣೆಯಿರುವ ಗಾಜಿನ ಬಾಟಲಿಯಲ್ಲಿ ಮುಳುಗಿಸಿ. ಡಬ್ಬಿಯನ್ನು ತುಂಬಿಸಿ. ಮೊದಲು ನಿಪ್ಪಲ್ಲನ್ನು ಸಡಿಲಿಸಿ ಎಣ್ಣೆ ತಾನಾಗಿ ಇಳಿದು ಬರುವವರೆಗೆ ಕಾಯುವುದು ಉತ್ತಮ. ಅರ್ಧ ಗಾಳಿ ಇಷ್ಟರಲ್ಲೇ ಹೋಗಿರುತ್ತದೆ. ಬಳಿಕ ನಿಪ್ಪಲ್ಲನ್ನು ಮುಚ್ಚಿ.

ಕೆಳಗಿರುವವರು "ಒತ್ತಿ" ಎಂದಾಗ ಮೇಲಿರುವವರು ಪೆಡಲನ್ನು ನಿಧಾನವಾಗಿ ತಳದವರೆಗೆ ಒತ್ತಿ ಹಿಡಿಯಬೇಕು. ಆಗ ನಿಪ್ಪಲ್ಲನ್ನು ಅರ್ಧ ಸುತ್ತು ಸಡಿಲಿಸಿದರೆ ಗುಳ್ಳೆಗಳೊಡನೆ ಎಣ್ಣೆ ಹೊರಬರುತ್ತದೆ. ಹರಿವು ನಿಲ್ಲುವಾಗ ನಿಪ್ಪಲ್ಲನ್ನು ಬಿಗಿದು, ನಂತರವೇ "ಬಿಡಿ" ಎನ್ನಬೇಕು. ನಿಪ್ಪಲ್ಲು ತೆರೆದಿರುವಾಗ ಕಾಲು ತೆಗೆದರೆ ಹೊರಹೋದ ಗಾಳಿ ಮರಳಿ ಒಳಬರುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಐದಾರು ಸಲ ಒತ್ತಿದ ಮೇಲೆ ಡಬ್ಬಿಯನ್ನು ಮತ್ತೆ ತುಂಬಿಸಬೇಕು. ಡಬ್ಬಿ ಬರಿದಾದರೆ ಮೊದಲಿನಿಂದ ಆರಂಭಿಸಬೇಕಾಗುವುದು. ಗುಳ್ಳೆಗಳು ನಿಂತು, ಪೆಡಲು ಮೊದಲ ಒತ್ತಿಗೇ ಗಟ್ಟಿಯಾಗಿ ಸಿಕ್ಕಿದಾಗ ಕೆಲಸ ಮುಗಿಯಿತು.

ಗುಳ್ಳೆ ನಿಲ್ಲದಿದ್ದರೆ ಯಾವುದಾದರೂ ಕೀಲು ಸಡಿಲವಿದೆಯೇ ನೋಡಿ. ಪೆಡಲಿನ ಸರಳಿಗೂ ಮಾಸ್ಟರ್ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟಾದರೂ ಸಡಿಲ ಇರಲೇಬೇಕು. ಇಲ್ಲದಿದ್ದರೆ ಎಣ್ಣೆ ಡಬ್ಬಿಗೆ ಮರಳದೆ ಕ್ಲಚ್ಚು ಅರ್ಧ ಒತ್ತಿದಂತೆಯೇ ಉಳಿದು ಹೊಸ ಪ್ಲೇಟೂ ಸುಡುತ್ತದೆ.

ಹೊರಬಂದ ಎಣ್ಣೆಯನ್ನು ಮತ್ತೆ ಡಬ್ಬಿಗೆ ಸುರಿಯಬೇಡಿ. ಅದು ವಿಷ, ಬಣ್ಣವನ್ನೂ ತಿನ್ನುತ್ತದೆ. ಕುಡಿಯುವ ಪಾನೀಯದ ಬಾಟಲಿಯಲ್ಲಿ ತುಂಬಿಡುವುದು, ಕಾಲುವೆಗೆ ಚೆಲ್ಲುವುದು ಎರಡೂ ಕೂಡದು. ಗಾಡಿಯ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಬೇಕು.

ಮರುದಿನ ಮಾಲು ತುಂಬುವ ಮೊದಲು ಮಟ್ಟವನ್ನು ಒಮ್ಮೆ ನೋಡಿ. ಬ್ರೇಕಿನಲ್ಲಿ ಲೈನರು ಸವೆದಂತೆ ಎಣ್ಣೆಯ ಮಟ್ಟ ತುಸು ಇಳಿಯುವುದು ಸಹಜ. ಕ್ಲಚ್ಚಿನಲ್ಲಿ ಹಾಗಲ್ಲ, ಮಟ್ಟ ಇಳಿದಿದ್ದರೆ ಸೋರಿಕೆ ಇನ್ನೂ ಉಳಿದಿದೆ.