ಧರಿಸಿದವರೇ ‘ಪವರ್’ ಹೊಂದಿಸಿಕೊಳ್ಳುವ ಕನ್ನಡಕ

ನಲವತ್ತು ದಾಟಿದವರಿಗೆ ಈ ಅನುಭವ ಹೊಸತೇನಲ್ಲ. ದಿನಪತ್ರಿಕೆಯ ಅಕ್ಷರಗಳು ಮಸುಕಾಗುತ್ತವೆ, ಪತ್ರಿಕೆ ಹಿಡಿದ ಕೈ ತಾನಾಗಿಯೇ ದೂರ ಸರಿಯುತ್ತದೆ, ಸೂಜಿಗೆ ದಾರ ಪೋಣಿಸಲು ಮಕ್ಕಳನ್ನು ಕರೆಯಬೇಕಾಗುತ್ತದೆ. ಆಡುಮಾತಿನಲ್ಲಿ ಇದಕ್ಕೆ ‘ಚಾಳೀಸು’ ಎಂದೇ ಹೆಸರು. ನಗರವಾಸಿಗಳು ಹತ್ತಿರದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿಕೊಂಡು ಕನ್ನಡಕ ತರುತ್ತಾರೆ. ಪರೀಕ್ಷಿಸುವವರೇ ಇಲ್ಲದ ಊರುಗಳ ಜನ ಏನು ಮಾಡಬೇಕು? ಈ ದೋಷವಿದ್ದೂ ಕನ್ನಡಕ ದೊರೆಯದವರು ಜಗತ್ತಿನಲ್ಲಿ ಸುಮಾರು 82.6 ಕೋಟಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಬ್ರಿಟನ್ನಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೋಶುವಾ ಸಿಲ್ವರ್ 1985ರಲ್ಲಿ ಇದಕ್ಕೊಂದು ಉತ್ತರ ಹುಡುಕಲಾರಂಭಿಸಿದರು. ಧರಿಸುವವರೇ ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬಲ್ಲ ಕನ್ನಡಕ ಅವರ ಗುರಿಯಾಗಿತ್ತು.

ಕಣ್ಣೇ ಮಾದರಿ

ಕಣ್ಣಿನೊಳಗಿನ ಮಸೂರ ಮೃದುವಾದುದು. ಹತ್ತಿರದ ವಸ್ತುವನ್ನು ನೋಡುವಾಗ ಸುತ್ತಲಿನ ಸ್ನಾಯುವಿನ ಕಾರ್ಯದಿಂದ ಅದು ಹೆಚ್ಚು ಉಬ್ಬುತ್ತದೆ. ವಯಸ್ಸಾದಂತೆ ಮಸೂರ ಗಡಸಾಗಿ ಈ ಸಾಮರ್ಥ್ಯ ಕುಂದುತ್ತದೆ. ಸಿಲ್ವರ್ ಅವರ ಕನ್ನಡಕದ ಮಸೂರವೂ ಆಕಾರ ಬದಲಿಸುತ್ತದೆ. ಎರಡು ಪಾರದರ್ಶಕ ಪೊರೆಗಳ ನಡುವೆ ಸಿಲಿಕೋನ್ ಎಣ್ಣೆಯಿರುತ್ತದೆ. ಪಕ್ಕದ ಪುಟ್ಟ ಸಿರಿಂಜಿನಿಂದ ಎಣ್ಣೆ ತುಂಬಿದರೆ ಪೊರೆ ಉಬ್ಬಿ ‘ಪ್ಲಸ್’ ಪವರ್, ಹೊರಗೆಳೆದರೆ ತಗ್ಗಿ ‘ಮೈನಸ್’ ಪವರ್ ಸಿದ್ಧವಾಗುತ್ತದೆ. ಒಂದು ಕಣ್ಣು ಮುಚ್ಚಿ, ಅಕ್ಷರಗಳು ಸ್ಪಷ್ಟವಾಗುವವರೆಗೆ ತಿರುಪನ್ನು ತಿರುಗಿಸಬೇಕು. ಬಳಿಕ ಇನ್ನೊಂದು ಕಣ್ಣಿನ ಸರದಿ. ಕೊನೆಗೆ ಎಣ್ಣೆ ಹರಿಯುವ ದಾರಿಯನ್ನು ಮುಚ್ಚಿ ಸಿರಿಂಜ್ ತೆಗೆದರಾಯಿತು.

ಮೊದಲು ಇದನ್ನು ಧರಿಸಿದವರಲ್ಲಿ ಘಾನಾ ದೇಶದ ದರ್ಜಿಯೊಬ್ಬರೂ ಇದ್ದರು. ಸೂಜಿಗೆ ದಾರ ಪೋಣಿಸಲಾಗದೆ ಕೆಲಸವನ್ನೇ ಬಿಟ್ಟಿದ್ದ ಅವರು ಮತ್ತೆ ಹೊಲಿಗೆಯಂತ್ರದ ಮುಂದೆ ಕುಳಿತರೆಂದು ಸಿಲ್ವರ್ ಹೇಳಿಕೊಂಡಿದ್ದಾರೆ. ಚೀನಾದ ಗ್ರಾಮೀಣ ಭಾಗದಲ್ಲಿ 12ರಿಂದ 18 ವರ್ಷದವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ಪವರ್ ಹೊಂದಿಸಿಕೊಂಡ ಶೇ. 97ರಷ್ಟು ಮಂದಿಗೆ ಉತ್ತಮ ದೃಷ್ಟಿ ಲಭಿಸಿತ್ತು.

ಮಿತಿಗಳೂ ಇವೆ

ಆದರೆ ಈ ಕನ್ನಡಕ ಸರ್ವರೋಗಕ್ಕೂ ಮದ್ದಲ್ಲ. ಕಣ್ಣಿನ ಮೇಲ್ಮೈ ಎಲ್ಲ ದಿಕ್ಕಿಗೂ ಸಮನಾಗಿ ಬಾಗಿರದ ಆಸ್ಟಿಗ್ಮ್ಯಾಟಿಸಂ ದೋಷವನ್ನು ಇದು ಸರಿಪಡಿಸದು. ದಪ್ಪ ಚೌಕಟ್ಟಿನ, ದುಂಡು ಗಾಜಿನ ರೂಪ ಎಲ್ಲರಿಗೂ ಹಿಡಿಸದು. ಎಲ್ಲಕ್ಕಿಂತ ಮುಖ್ಯವಾಗಿ, ಗ್ಲಾಕೋಮಾ ಹಾಗೂ ಮಧುಮೇಹದಿಂದ ಅಕ್ಷಿಪಟಕ್ಕಾಗುವ ಹಾನಿಯನ್ನು ಪತ್ತೆಹಚ್ಚಲು ವೈದ್ಯರ ಪರೀಕ್ಷೆಯೇ ಬೇಕು.

ಚಾಳೀಸಿಗಂತೂ ಇಷ್ಟು ಜಟಿಲ ಸಾಧನದ ಅಗತ್ಯವೂ ಇಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಕಾರ್ಮಿಕರಿಗೆ ಸಾಮಾನ್ಯ ಓದುವ ಕನ್ನಡಕವನ್ನೇ ಉಚಿತವಾಗಿ ನೀಡಿದಾಗ, ಕನ್ನಡಕ ಪಡೆಯದವರಿಗಿಂತ ಅವರ ಎಲೆ ಕೊಯ್ಲಿನ ಪ್ರಮಾಣ ಸುಮಾರು ಶೇ. 22ರಷ್ಟು ಅಧಿಕವಾಗಿ ಏರಿತೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ತೂಕದ ಲೆಕ್ಕದಲ್ಲಿ ದುಡಿಯುವವರಿಗೆ ಇದು ಅನ್ನದ ಪ್ರಶ್ನೆ.

ಕನ್ನಡಕ ಹುಟ್ಟಿ ಏಳು ಶತಮಾನಗಳೇ ಕಳೆದಿವೆ. ಗಾಜಿಗೆ ಬರವಿಲ್ಲ, ಅದನ್ನು ಕಣ್ಣಿಗೆ ಹೊಂದಿಸಿ ಕೊಡುವವರಿಗೆ ಬರವಿದೆ. ಸಿಲ್ವರ್ ಅವರ ತಿರುಪು ಆ ಕೊರತೆಯತ್ತ ಬೆರಳು ಮಾಡಿದೆ.