ಒಲೆಗೆ ಹೋಗುತ್ತಿರುವ ಗೊಬ್ಬರ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ರೈತರಿಗೆ ರಾಗಿಯು ಅನ್ನವನ್ನೂ ಹಿಪ್ಪುನೇರಿಳೆಯು ಹಣವನ್ನೂ ಒದಗಿಸುತ್ತಿರುವುವು. ಇವೆರಡಕ್ಕೂ ಕೊಟ್ಟಿಗೆಯ ಗೊಬ್ಬರವೇ ಆಧಾರ. ನೀರಾವರಿಯ ಹಿಪ್ಪುನೇರಿಳೆ ತೋಟಕ್ಕೆ ವರ್ಷಂಪ್ರತಿ ಎಕರೆಗೆ ಸುಮಾರು 8 ಟನ್ನು ಗೊಬ್ಬರವು ಬೇಕು. ಹೀಗಿದ್ದರೂ ಸಗಣಿಯನ್ನು ಬೆರಣಿ ತಟ್ಟಿ ಸುಡುವ, ಹುಳುಮನೆಯ ಕಸವನ್ನು ಬೀದಿಯ ಬದಿಗೆ ಸುರಿಯುವ ವಾಡಿಕೆಯು ಇನ್ನೂ ಕೆಲವು ಮನೆಗಳಲ್ಲಿ ನಿಂತಿಲ್ಲ.

ಬೆರಣಿಯು ಉರಿದಾಗ ಸಗಣಿಯಲ್ಲಿನ ಸಾರಜನಕವೂ, ಭೂಮಿಯನ್ನು ಹದಗೊಳಿಸತಕ್ಕ ಸಾವಯವ ಪದಾರ್ಥವೂ ಹೊಗೆಯೊಡನೆ ಹೋಗಿಬಿಡುವುವು. ಬೂದಿಯಲ್ಲಿ ಪೊಟ್ಯಾಷ್, ರಂಜಕ ಮುಂತಾದ ಖನಿಜಗಳಷ್ಟೇ ಉಳಿಯುವುವು. ಹೀಗೆ ನಷ್ಟವಾದುದನ್ನೇ ರೈತನು ತರುವಾಯ ಅಂಗಡಿಯಿಂದ ಹಣ ತೆತ್ತು ತರಬೇಕಾಗುವುದು. ಆ ಹೊಗೆಯಿಂದ ಅಡಿಗೆಮನೆಯ ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ಆಗುವ ಹಾನಿಯು ಬೇರೆ.

ನಾಲ್ಕೈದು ದನಗಳುಳ್ಳವರಿಗೆ ಗೋಬರ್ ಗ್ಯಾಸ್ ಉತ್ತಮವಾದ ಉಪಾಯ. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಹಾಕಿದರೆ ಸಾಧಾರಣ ಕುಟುಂಬದ ಅಡಿಗೆಯು ನಡೆಯುವುದು. ಹೊರಬರುವ ಬಗ್ಗಡದಲ್ಲಿ ಗೊಬ್ಬರದ ಸತ್ವವು ಉಳಿದಿರುವುದರಿಂದ ಒಂದೇ ಸಗಣಿಯು ಒಲೆಗೂ ಹೊಲಕ್ಕೂ ಒದಗುವುದು. ದನ ಕಡಿಮೆಯಿರುವವರು ಸೊಪ್ಪು ತೆಗೆದ ಹಿಪ್ಪುನೇರಿಳೆಯ ಕಡ್ಡಿಗಳನ್ನು ಒಣಗಿಸಿ ಸೌದೆಯಾಗಿ ಉಪಯೋಗಿಸಬಹುದು. ಇದರಿಂದ ಬೆರಣಿಯ ಅವಶ್ಯವು ತಗ್ಗುವುದಲ್ಲದೆ ಸಾವನದುರ್ಗದಂತಹ ಬೆಟ್ಟಗಳ ಕಾಡಿಗೆ ಕೊಡಲಿ ಬೀಳುವುದೂ ಕಡಿಮೆಯಾಗುವುದು.

ಹುಳುಮನೆಯ ಹಿಕ್ಕೆ ಹಾಗೂ ಉಳಿದ ಸೊಪ್ಪಿನ ವಿಷಯದಲ್ಲಿ ಹೆಚ್ಚು ಎಚ್ಚರಿಕೆಯು ಅಗತ್ಯ. ಹಾಲುರೋಗ, ಸಪ್ಪೆರೋಗ, ಗಂಟುರೋಗಗಳ ಬೀಜವು ಈ ಕಸದಲ್ಲಿಯೇ ಅಡಗಿರುವುದು. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಊಜಿ ನೊಣದ ಮರಿಗಳೂ ಕಸದಲ್ಲಿ ಸೇರಿಕೊಂಡು ಕೋಶವಾಗುವುದುಂಟು. ಆದಕಾರಣ ಹಸಿಯ ಕಸವನ್ನು ತೋಟಕ್ಕೆ ಹರಡಿದವರು ಮುಂದಿನ ಬೆಳೆಗೆ ರೋಗವನ್ನು ತಾವೇ ಬಿತ್ತಿದಂತಾಗುವುದು. ಹುಳುಮನೆಗೆ ದೂರವಾಗಿ 3 ಅಡಿ ಆಳದ ಎರಡು ಗುಂಡಿಗಳನ್ನು ತೋಡಿಸಿ, ಕಸ, ಸಗಣಿ, ಬೂದಿಗಳನ್ನು ಪದರ ಪದರವಾಗಿ ತುಂಬಿ, ತೇವವಾರದಂತೆ ನೀರು ಚಿಮುಕಿಸಿ, ಮೇಲೆ ಮಣ್ಣು ಮೆತ್ತತಕ್ಕದ್ದು. ನಾಲ್ಕಾರು ತಿಂಗಳಲ್ಲಿ ಕಳಿತು ದುರ್ವಾಸನೆಯಿಲ್ಲದ ಗೊಬ್ಬರವಾಗುವುದು. ಒಂದು ಗುಂಡಿಯು ಕಳಿಯುವಾಗ ಮತ್ತೊಂದನ್ನು ತುಂಬಬಹುದು. ರೋಗದಿಂದ ಸತ್ತ ಹುಳುಗಳನ್ನು ಗುಂಡಿಗೆ ಹಾಕದೆ ಬೇರೆಯಾಗಿ ಸುಡಬೇಕು ಅಥವಾ ಆಳವಾಗಿ ಹೂಳಬೇಕು. ಪ್ಲಾಸ್ಟಿಕ್ ಚೀಲಗಳು ಕಳಿಯತಕ್ಕವಲ್ಲವಾದ್ದರಿಂದ ಅವುಗಳನ್ನು ಮೊದಲೇ ಆರಿಸಿ ತೆಗೆಯತಕ್ಕದ್ದು.

ಒಬ್ಬನು ಶುಚಿಯಾಗಿದ್ದು ನೆರೆಯವನು ಕಸವನ್ನು ಬಯಲಿನಲ್ಲಿ ಬಿಟ್ಟರೆ ಊಜಿಯು ಇಬ್ಬರ ಮನೆಗೂ ಹಾರುವುದು. ಆದುದರಿಂದ ಗ್ರಾಮದ ಮುಖಂಡರೂ ದೊಡ್ಡ ಹಿಡುವಳಿದಾರರೂ ಮುಂದಿನ ಚಾಕಿ ಕಟ್ಟುವುದಕ್ಕೆ ಮುಂಚೆಯೇ ತಮ್ಮ ಹಿತ್ತಿಲಿನಲ್ಲಿ ಗುಂಡಿ ತೋಡಿಸಿ, ಇತರರನ್ನೂ ಅದಕ್ಕೆ ಪ್ರೇರೇಪಿಸುವುದು ಯುಕ್ತವಾಗಿದೆ.