ಕಾರಿನ ಸಂಗೀತ ಹನಕೆರೆಯಲ್ಲೇ ಏಕೆ ನಿಲ್ಲುತ್ತಿತ್ತು?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಮದ್ದೂರನ್ನು ದಾಟಿ ಮಂಡ್ಯವನ್ನು ಮುಟ್ಟುವುದಕ್ಕೆ ಮೊದಲು, ಹನಕೆರೆ ಎಂಬ ಊರು ಸಿಕ್ಕುತ್ತದೆ. ಸುತ್ತಲೂ ಕಬ್ಬು ಬತ್ತಗಳ ಗದ್ದೆ. ಊರಿಗೊಂದು ಪುಟ್ಟ ರೈಲು ನಿಲ್ದಾಣ. ಅಲ್ಲಿಯ ತರುಣನೊಬ್ಬ ಬಾಡಿಗೆ ಕಾರು ಓಡಿಸಿ ಜೀವನ ಸಾಗಿಸುತ್ತಾನೆ. ಹಿಂದೆ ಅವನಿಗೆ ಭೌತವಿಜ್ಞಾನದ ಪಾಠ ಹೇಳಿದವನು ನಾನೆಂಬ ಸಲಿಗೆಯಿಂದ ಒಂದು ಸಂಜೆ ಮನೆಗೆ ಬಂದು ತನ್ನ ಸಂಕಟವನ್ನು ತೋಡಿಕೊಂಡ.

“ಮೇಷ್ಟ್ರೇ, ಕಾರಿನ ಸ್ಟೀರಿಯೋ ಹನಕೆರೆಗೆ ಬಂದೇಟ್ಗೆ ನಿಂತೋಯ್ತದೆ. ಲೈಟು ಉರೀತಾನೇ ಇರ್ತದೆ, ಸದ್ದು ಮಾತ್ರ ಇಲ್ಲ. ಒಂದೊಂದ್ಸಲ ಮಂಡ್ಯದ ತಾವ ತಾನಾಗೇ ಬತ್ತದೆ.”

ಇದು ಕೇಳುವುದಕ್ಕೆ ಸಣ್ಣ ಸಂಗತಿ. ಆದರೆ ಅದಾಗಲೇ ಅವನಿಗೆ ನಾಲ್ಕೂವರೆ ಸಾವಿರ ರೂಪಾಯಿಗಳ ನಷ್ಟವಾಗಿತ್ತು. ಕಾರಿನ ಅಂಗಡಿಯೊಂದರಲ್ಲಿ, “ನಾಲ್ಕು ಸ್ಪೀಕರುಗಳೂ ಒಮ್ಮೆಗೇ ಕೆಡುವುದುಂಟೆ? ಸೆಟ್ಟೇ ಹೋಗಿದೆ” ಎಂದು ಹೇಳಿ ಹೊಸ ಸೆಟ್ಟನ್ನು ಕೂರಿಸಿದ್ದರು. ಮೂರು ದಿನ ಚೆನ್ನಾಗಿ ಹಾಡಿದ ಹೊಸ ಸೆಟ್ಟು ನಾಲ್ಕನೆಯ ದಿನ ಹನಕೆರೆಯಲ್ಲಿಯೇ ಮೌನ ತಾಳಿತು. ಮರಳಿ ಹೋದಾಗ ಅದೇ ಅಂಗಡಿಯವರು, “ಹಾಗಾದರೆ ಸ್ಪೀಕರುಗಳನ್ನೂ ಬದಲಾಯಿಸಿಬಿಡೋಣ” ಎಂದರಂತೆ. ಆ ಸ್ಪೀಕರುಗಳ ಬೆಲೆ, ಕಾರಿನ ಸಾಲಕ್ಕೆ ಅವನು ಆ ತಿಂಗಳು ಕಟ್ಟಬೇಕಾಗಿದ್ದ ಕಂತಿನ ಅರ್ಧಕ್ಕೂ ಮಿಕ್ಕಿತ್ತು.

ಪೂರ್ತಿಯಾಗಿ ನಿಂತುಹೋದ ಯಂತ್ರವನ್ನು ಸರಿಪಡಿಸುವುದು ಅಷ್ಟು ಕಷ್ಟವಲ್ಲ. ಅದರ ದೋಷವು ಎಲ್ಲಿಗೂ ಓಡಿಹೋಗದು. ಒಂದೊಂದೇ ಭಾಗವನ್ನು ಪರೀಕ್ಷಿಸುತ್ತ ಹೋದರೆ ಕೈಗೆ ಸಿಕ್ಕುತ್ತದೆ. ಬಂದು ಹೋಗುವ ದೋಷದ ರೀತಿಯೇ ಬೇರೆ. ವೈದ್ಯನ ಮನೆಯ ಮೆಟ್ಟಿಲನ್ನು ಹತ್ತಿದೊಡನೆ ನಿಂತುಬಿಡುವ ಹಲ್ಲುನೋವಿನಂತೆ, ದುರಸ್ತಿ ಮಾಡುವವನ ಮುಂದೆ ಅದು ತಲೆಯೆತ್ತುವುದೇ ಇಲ್ಲ. ಆದುದರಿಂದ ಇಂಥ ದೋಷವನ್ನು ಹಿಡಿಯುವವನು “ಏನು ಕೆಟ್ಟಿದೆ?” ಎಂದು ಕೇಳುವುದಕ್ಕೆ ಮೊದಲು “ಯಾವಾಗ ಕೆಡುತ್ತದೆ?” ಎಂದು ಕೇಳಬೇಕು. ನಮ್ಮ ತರುಣನ ಬಳಿ ಈ ಪ್ರಶ್ನೆಗೆ ಉತ್ತರವೊಂದು ಸಿದ್ಧವಾಗಿತ್ತು: ಹನಕೆರೆಗೆ ಬಂದಾಗ.

ಊರಿಗೂ ಸ್ಟೀರಿಯೋವಿಗೂ ಸಂಬಂಧವಿರಬಲ್ಲದೆ? ಇರಬಲ್ಲದು. ರೇಡಿಯೋ ಕೇಳುತ್ತಿದ್ದರೆ, ಕಾರು ಇರುವ ಸ್ಥಳವೇ ಸದ್ದನ್ನು ನಿರ್ಧರಿಸುತ್ತದೆ. ಹನಕೆರೆಯಿಂದ ಮೈಸೂರು ಸುಮಾರು ೫೦ ಕಿಲೋಮೀಟರು, ಬೆಂಗಳೂರು ಸುಮಾರು ೯೦ ಕಿಲೋಮೀಟರು. ಮೈಸೂರು ಈ ನಾಡಿನ ಆಕಾಶವಾಣಿಗೆ ತವರೂರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಇಸವಿಯಲ್ಲಿ ತಮ್ಮ ಮನೆಯಿಂದಲೇ, ಕೇವಲ ೩೦ ವಾಟುಗಳ ಪ್ರೇಷಕವೊಂದನ್ನು ಇಟ್ಟುಕೊಂಡು, ಪ್ರಸಾರವನ್ನು ಆರಂಭಿಸಿದರು. ಇಂದು ಅದೇ ಮೈಸೂರಿನ ಎಫ್. ಎಂ. ಪ್ರಸಾರವು ೧೦೦.೬ ಮೆಗಾಹರ್ಟ್ಸಿನಲ್ಲಿ ಕೇಳಿಬರುತ್ತದೆ. ಇಷ್ಟು ಕಂಪನಸಂಖ್ಯೆಯ ಅಲೆಗಳ ಉದ್ದ ಸುಮಾರು ಮೂರು ಮೀಟರು. ಅವು ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತವೆ. ಭೂಮಿಯ ದುಂಡಗಿನ ಮೈಯನ್ನು ಬಳಸಿ ಬಹು ದೂರ ಹೋಗಲಾರವು. ನೆಲದಿಂದ ೧೫೦ ಮೀಟರು ಎತ್ತರದ ಗೋಪುರದಿಂದ ಹೊರಟ ಇಂಥ ಅಲೆಗೆ ರೇಡಿಯೋ ದಿಗಂತವು ಸುಮಾರು ೫೦ ಕಿಲೋಮೀಟರಿಗೇ ಬಂದುಬಿಡುತ್ತದೆ. ಅದರಾಚೆಗೆ ಸದ್ದು ಒಮ್ಮೆಲೇ ಸಾಯುವುದಿಲ್ಲ, ಕ್ಷೀಣಿಸುತ್ತ ಹೋಗುತ್ತದೆ. ಇದರ ಜೊತೆಗೆ, ಪ್ರೇಷಕದಿಂದ ನೇರವಾಗಿ ಬಂದ ಅಲೆಯೂ ಕಟ್ಟಡಕ್ಕೋ ಲಾರಿಗೋ ಬಡಿದು ತಿರುಗಿ ಬಂದ ಅಲೆಯೂ ಕೆಲವೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಅಂಥ ಸ್ಥಳದಿಂದ ತುಸು ಮುಂದಕ್ಕೆ ಸರಿದರೆ ಸದ್ದು ಮತ್ತೆ ಬಂದೀತು. ಹಿಂದಿನ ಸೆಟ್ಟುಗಳಲ್ಲಿ ಇಂಥ ವೇಳೆ ಬುಸ್ಸೆಂಬ ಶಬ್ದ ಕೇಳಿಸುತ್ತಿತ್ತು. ಈಚಿನ ಅನೇಕ ಸೆಟ್ಟುಗಳು ಆ ಶಬ್ದವನ್ನು ತಾವಾಗಿಯೇ ಅಡಗಿಸಿಬಿಡುವುದರಿಂದ ಕೇಳುವವನಿಗೆ ಬರಿಯ ಮೌನ. ಸೆಟ್ಟು ಕೆಟ್ಟಿತೆಂದು ಅವನು ತಿಳಿದರೆ ಆಶ್ಚರ್ಯವಿಲ್ಲ.

ಈ ಊಹೆ ನನಗೆ ಬಹಳ ಹಿಡಿಸಿತು. ಹಿಡಿಸಿದ ಊಹೆಯನ್ನೇ ಮೊದಲು ಪರೀಕ್ಷಿಸುವುದು ಒಳ್ಳೆಯದು, ಪರೀಕ್ಷೆಯೂ ಸುಲಭವಾಗಿತ್ತು. “ರೇಡಿಯೋ ಬೇಡಪ್ಪ, ಎರಡು ದಿನ ಪೆನ್ ಡ್ರೈವಿನಿಂದ ಹಾಡು ಹಾಕಿಕೊಂಡು ಓಡಿಸು” ಎಂದೆ. ಹಾಡು ಕಾರಿನೊಳಗೇ ಇರುವಾಗ ಆಕಾಶದ ಅಲೆಗಳಿಗೆ ಅಲ್ಲಿ ಕೆಲಸವಿಲ್ಲ. ಎರಡನೆಯ ದಿನವೇ ಸುದ್ದಿ ಬಂತು: ಹಾಡು ಹನಕೆರೆಯಲ್ಲಿ ನಿಂತಿದೆ. ಒಂದು ಕಾಸಿನ ಖರ್ಚೂ ಇಲ್ಲದೆ ಆಂಟೆನಾ, ಅದರ ತಂತಿ, ಸೆಟ್ಟಿನ ರೇಡಿಯೋ ಭಾಗ ಇವೆಲ್ಲವೂ ಆರೋಪದಿಂದ ಬಿಡುಗಡೆ ಹೊಂದಿದವು. ನನ್ನ ಮೆಚ್ಚಿನ ಊಹೆಯೂ ಬಿದ್ದುಹೋಯಿತು.

ಬಂದು ಹೋಗುವ ದೋಷಗಳನ್ನು ಸಾಮಾನ್ಯವಾಗಿ ಮೂರು ಸಂಗತಿಗಳು ಎಬ್ಬಿಸುತ್ತವೆ: ಶಾಖ, ಪ್ರವಾಹದ ಭಾರ ಮತ್ತು ಅಲುಗಾಟ. ಶಾಖದ ವಿಚಾರವನ್ನು ನೋಡೋಣ. ಒಂದು ಡಿಗ್ರಿ ಸೆಲ್ಷಿಯಸ್ ಉಷ್ಣತೆ ಏರಿದರೆ ತಾಮ್ರವು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ೧೭ ಭಾಗದಷ್ಟು ಹಿಗ್ಗುತ್ತದೆ. ತವರ ಸೀಸಗಳ ಬೆಸುಗೆ ಸುಮಾರು ೨೪ ಭಾಗದಷ್ಟು. ಅಂತರವು ಅತ್ಯಲ್ಪವೇ. ಆದರೆ ಬಿಸಿಲಿನಲ್ಲಿ ನಿಂತ ಕಾರು ಹಗಲು ಕಾಯುತ್ತದೆ, ಇರುಳು ಆರುತ್ತದೆ. ವರ್ಷಗಟ್ಟಲೆ ಹೀಗೆ ಎಳೆದಾಡಿದ ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಬಿರುಕೊಂದು ಮೂಡುತ್ತದೆ. ಅಂಥ ಬೆಸುಗೆ ತಣ್ಣಗಿರುವಾಗ ಕೂಡಿಕೊಂಡಿದ್ದು ಬಿಸಿಯಾದಾಗ ಬಿಟ್ಟುಕೊಳ್ಳಬಹುದು. ರೇಡಿಯೋ ನಿಂತಾಗ ಪೆಟ್ಟಿಗೆಯ ನೆತ್ತಿಯ ಮೇಲೊಂದು ಗುದ್ದು ಕೊಟ್ಟು ಅದನ್ನು ಮತ್ತೆ ಹಾಡಿಸುತ್ತಿದ್ದ ಹಿರಿಯರನ್ನು ಓದುಗರಲ್ಲಿ ಕೆಲವರಾದರೂ ಕಂಡಿರಬಹುದು. ಆ ಗುದ್ದು ವಿಜ್ಞಾನಕ್ಕೆ ಹೊರತಾದುದಲ್ಲ. ಬಿಟ್ಟ ಬೆಸುಗೆಯನ್ನೋ, ಕಿಲುಬು ಹಿಡಿದ ಸಂಪರ್ಕವನ್ನೋ ಅದು ಕ್ಷಣಕಾಲ ಕೂಡಿಸುತ್ತಿತ್ತು. ಆದರೆ ನಮ್ಮ ಕಾರು ಮಾಗಿಯ ಮುಂಜಾವದಲ್ಲಿಯೂ ಹನಕೆರೆಯಲ್ಲಿ ಮೌನವಾಗಿತ್ತು. ಹೊಸ ಸೆಟ್ಟಿನಲ್ಲಿ ಹಳೆಯ ಬೆಸುಗೆಯೂ ಇರಲಾರದು. ಶಾಖವನ್ನು ಬಿಟ್ಟೆವು.

ಪ್ರವಾಹದ ಭಾರವನ್ನು ಬಿಡುವುದಕ್ಕೆ ಅವನ ಮೊದಲ ಮಾತೇ ಸಾಕಾಯಿತು. ಸೆಟ್ಟಿನ ಕಪ್ಪು ತಂತಿ ಕಾರಿನ ಮೈಗೆ ಸೇರುವ ಕಡೆ ತುಕ್ಕಿನಿಂದ ೦.೬ ಓಮಿನಷ್ಟು ರೋಧ ಉಂಟಾಗಿದೆಯೆಂದು ಭಾವಿಸೋಣ. ಸದ್ದು ಜೋರಾಗಿ ೫ ಆಂಪಿಯರು ಹರಿದರೆ ಅಲ್ಲಿಯೇ ೩ ವೋಲ್ಟು ನಷ್ಟವಾಗುತ್ತದೆ. ೧೨ ವೋಲ್ಟಿನ ಬ್ಯಾಟರಿಯಿಂದ ಸೆಟ್ಟಿಗೆ ಒಂಬತ್ತೇ ವೋಲ್ಟು ಸಿಕ್ಕಿ ಅದು ತಡವರಿಸುತ್ತದೆ. ಹಾಗಾದರೆ ಸೆಟ್ಟಿನ ದೀಪವೂ ಮಂಕಾಗಬೇಕು, ಇಲ್ಲವೆ ಆರಿ ಹೊತ್ತಬೇಕು. “ಲೈಟು ಉರೀತಾನೇ ಇರ್ತದೆ” ಎಂದು ಅವನು ಹೇಳಿದ್ದನಲ್ಲವೆ? ರೋಗಿಯ ಮಾತನ್ನು ಪೂರ್ತಿಯಾಗಿ ಕೇಳದ ವೈದ್ಯರಂತೆ ಅಂಗಡಿಯವರು ಈ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಉಳಿದುದು ಅಲುಗಾಟ. ಆದರೆ ಹನಕೆರೆಯ ಬಳಿಯ ರಸ್ತೆ ಮದ್ದೂರಿನ ರಸ್ತೆಗಿಂತ ಹೆಚ್ಚು ಕುಲುಕುವುದಿಲ್ಲ. ಇಲ್ಲಿ ನಾನು ತುಸು ಹೊತ್ತು ತಬ್ಬಿಬ್ಬಾದುದನ್ನು ಮರೆಮಾಚಲಾರೆ. ಕೊನೆಗೆ, “ಹನಕೆರೆಗೆ ಬಂದ ಕೂಡಲೇ ನೀನು ಏನೇನು ಮಾಡುತ್ತೀಯೆ? ಒಂದನ್ನೂ ಬಿಡದೆ ಹೇಳು” ಎಂದೆ.

“ಏನಿಲ್ಲ ಮೇಷ್ಟ್ರೇ, ಗಾಡಿ ನಿಲ್ಲಿಸ್ತೀನಿ. ಮುಂದ್ಗಡೆ ಸೀಟ್ನಲ್ಲಿ ನಮ್ಮೂರೋರು ಯಾರಾದ್ರೂ ಇದ್ರೆ ಇಳೀತಾರೆ. ಹೊರಡ್ತೀನಿ.”

ಕೀಲಿಕೈ ಸಿಕ್ಕಿತು. ನಮ್ಮ ಕಾರುಗಳಲ್ಲಿ ಚಾಲಕ ಬಲಗಡೆ ಕೂರುತ್ತಾನೆ. ಮುಂದಿನ ಪ್ರಯಾಣಿಕ ಇಳಿಯುವುದು ಎಡಬಾಗಿಲಿನಿಂದ. ಹಾಡಿಗೆ ಮುನಿಸು ಊರಿನ ಮೇಲಾಗಿರಲಿಲ್ಲ, ಆ ಊರಿನಲ್ಲಿ ತೆರೆದು ಮುಚ್ಚುತ್ತಿದ್ದ ಬಾಗಿಲಿನ ಮೇಲಾಗಿತ್ತು. ಎರಡು ಸಂಗತಿಗಳು ಒಟ್ಟೊಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ನಂಬಿ ನಾವಿಬ್ಬರೂ ದಾರಿ ತಪ್ಪಿದ್ದೆವು.

ಆದರೂ ಒಂದು ತೊಡಕು ಉಳಿಯಿತು. ಎಡಬಾಗಿಲಿನಲ್ಲಿರುವುದು ಒಂದೇ ಸ್ಪೀಕರು. ಅದರ ತಂತಿ ತುಂಡಾದರೆ ಅದೊಂದೇ ನಿಲ್ಲಬೇಕು. ನಾಲ್ಕೂ ಒಮ್ಮೆಗೇ ನಿಲ್ಲುವುದೇಕೆ? ಅಂಗಡಿಯವರನ್ನು ದಾರಿ ತಪ್ಪಿಸಿದುದೂ ಇದೇ.

ಉತ್ತರವು ಸೆಟ್ಟಿನೊಳಗಿನ ವರ್ಧಕದ ರಚನೆಯಲ್ಲಿದೆ. ಹಳೆಯ ಬಗೆಯ ಸೆಟ್ಟುಗಳಲ್ಲಿ ಸ್ಪೀಕರಿನ ಒಂದು ತಂತಿ ಕಾರಿನ ಮೈಗೇ ಸೇರಿರುತ್ತಿತ್ತು. ಇನ್ನೊಂದರಲ್ಲಿ ಮಾತ್ರ ಸದ್ದಿನ ವೋಲ್ಟೇಜು ಏರಿಳಿಯುತ್ತಿತ್ತು. ಎಂಜಿನು ಓಡುವಾಗ ಕಾರಿನಲ್ಲಿ ಸುಮಾರು ೧೪ ವೋಲ್ಟು ಇರುತ್ತದೆ. ಅದರಲ್ಲಿ ಏರುವುದಕ್ಕೆ ೭, ಇಳಿಯುವುದಕ್ಕೆ ೭. ಈ ಲೆಕ್ಕದಂತೆ ೪ ಓಮಿನ ಸ್ಪೀಕರಿಗೆ ದೊರೆಯುವ ಶಕ್ತಿ ಹೆಚ್ಚೆಂದರೆ ೬ ವಾಟು. ಇದನ್ನು ಹೆಚ್ಚಿಸಲು ಎಂಜಿನಿಯರುಗಳು ಒಂದು ಉಪಾಯ ಹೂಡಿದರು: ಸ್ಪೀಕರಿನ ಎರಡು ತುದಿಗಳಿಗೂ ಒಂದೊಂದು ವರ್ಧಕ, ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಒಂದೇ ಕೊಡದ ಹಗ್ಗವನ್ನು ಇಬ್ಬರು ಸೇರಿ ಜಗ್ಗಿದಂತೆ. ವೋಲ್ಟೇಜು ಇಮ್ಮಡಿಯಾಗುತ್ತದೆ, ಶಕ್ತಿಯು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ನಾಲ್ಮಡಿಯಾಗಿ ೨೪ ವಾಟಿಗೆ ಏರುತ್ತದೆ. ಇಂದಿನ ಕಾರಿನ ಸೆಟ್ಟುಗಳಲ್ಲಿ ಇಂಥ ನಾಲ್ಕು ಜೋಡಿಗಳು ಸಾಮಾನ್ಯವಾಗಿ ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಅಡಕವಾಗಿರುತ್ತವೆ.

ಈ ಲಾಭಕ್ಕೆ ಪ್ರತಿಯಾಗಿ ಒಂದು ಬೆಲೆಯನ್ನು ತೆರಬೇಕು. ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದೂ ಈಗ ಕಾರಿನ ಮೈಗೆ ಸೇರಿದುದಲ್ಲ. ಹಾಡಿಲ್ಲದಿರುವಾಗಲೂ ಎರಡರಲ್ಲಿಯೂ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜು ನಿಂತಿರುತ್ತದೆ. ಎರಡರಲ್ಲಿ ಯಾವುದು ಕಾರಿನ ಕಬ್ಬಿಣವನ್ನು ತಾಕಿದರೂ ವರ್ಧಕದಿಂದ ಅತಿಯಾದ ಪ್ರವಾಹ ನುಗ್ಗುತ್ತದೆ. ಬಿಲ್ಲೆಯು ಸುಟ್ಟುಹೋಗದಂತೆ ಅದರಲ್ಲಿಯೇ ಅಳವಡಿಸಿರುವ ರಕ್ಷಣೆ ಆಗ ಎಚ್ಚೆತ್ತು ಹೊರದಾರಿಯನ್ನು ಮುಚ್ಚುತ್ತದೆ. ಅನೇಕ ಸೆಟ್ಟುಗಳಲ್ಲಿ ಒಂದು ಜೋಡಿಗೆ ಆಪತ್ತು ಬಂದರೆ ನಾಲ್ಕೂ ಬಾಯಿ ಮುಚ್ಚುತ್ತವೆ. ತಾಕಿದ ತಂತಿ ಸರಿದಾಗ ಹಾಡು ತಾನಾಗಿಯೇ ಬರುತ್ತದೆ. ಸೆಟ್ಟು ಕೆಟ್ಟಿರಲಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ಹಳೆಯ ಸೆಟ್ಟೂ ಮಾಡಿದ್ದು ಅದನ್ನೇ!

ಇಷ್ಟೆಲ್ಲ ಮಾತಿನ ತರ್ಕವಾಯಿತು; ಸಾಕ್ಷ್ಯ ಬೇಡವೆ? ಮರುದಿನ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬ್ಯಾಟರಿಯ ಒಂದು ತಂತಿಯನ್ನು ಬಿಚ್ಚಿ, ಸೆಟ್ಟಿನ ಹಿಂದಿನ ಪ್ಲಗ್ಗನ್ನು ಕಳಚಿದೆವು. ಮಾರುಕಟ್ಟೆಯ ಸೆಟ್ಟುಗಳಲ್ಲಿ ಮುಂದಿನ ಎಡ ಸ್ಪೀಕರಿನ ತಂತಿಗಳು ಸಾಮಾನ್ಯವಾಗಿ ಬಿಳಿ ಬಣ್ಣದವು; ಅವುಗಳಲ್ಲಿ ಒಂದಕ್ಕೆ ಕಪ್ಪು ಗೆರೆಯಿರುತ್ತದೆ. ಆ ಎರಡರ ನಡುವೆ ಮೀಟರನ್ನು ಹಿಡಿದಾಗ ೪ ಓಮಿಗಿಂತ ತುಸು ಕಡಿಮೆ ತೋರಿತು, ಸ್ಪೀಕರು ಆರೋಗ್ಯವಾಗಿದೆ. ಒಂದು ತಂತಿಗೂ ಕಾರಿನ ಮೈಗೂ ನಡುವೆ ಹಿಡಿದಾಗ ಅನಂತ ರೋಧ, ಇರಬೇಕಾದುದೂ ಹಾಗೆಯೇ. ಇಲ್ಲಿಗೆ ಪರೀಕ್ಷೆಯನ್ನು ನಿಲ್ಲಿಸಿದ್ದರೆ “ಎಲ್ಲವೂ ಸರಿಯಾಗಿದೆ” ಎಂದು ಬರೆದುಕೊಂಡು ಮನೆಗೆ ಹೋಗಬೇಕಾಗಿತ್ತು. ಮೀಟರನ್ನು ಹಾಗೆಯೇ ಹಿಡಿದು, “ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಪ್ಪ” ಎಂದೆ. ಆರೇಳು ಸಲ ಏನೂ ಇಲ್ಲ. ಎಂಟನೆಯದೋ ಒಂಬತ್ತನೆಯದೋ ಸಲ ಮುಳ್ಳು ಒಮ್ಮೆಲೇ ಸೊನ್ನೆಯ ಕಡೆಗೆ ಜಿಗಿಯಿತು. ಇಂಥ ಕೆಲಸಕ್ಕೆ ಅಂಕಿ ತೋರಿಸುವ ಹೊಸ ಮೀಟರಿಗಿಂತ ಮುಳ್ಳಿನ ಹಳೆಯ ಮೀಟರೇ ಮೇಲು ಎಂಬುದು ನನ್ನ ಅನುಭವ. ಅಂಕಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಳ್ಳು ತನ್ನ ಸಾಕ್ಷ್ಯವನ್ನು ಹೇಳಿ ಮುಗಿಸಿರುತ್ತದೆ.

ಬಾಗಿಲಿನ ಕೀಲಿನ ಬಳಿ ತಂತಿಗಳೆಲ್ಲ ಒಂದು ರಬ್ಬರಿನ ಕೊಳವೆಯೊಳಗೆ ಹಾದುಹೋಗುತ್ತವೆ. ಬಾಗಿಲು ತೆರೆದಾಗಲೆಲ್ಲ ಅವು ಚಾಚಿ, ಮುಚ್ಚಿದಾಗಲೆಲ್ಲ ಮಡಿಯುತ್ತವೆ. ಬಾಡಿಗೆ ಕಾರಿನ ಬಾಗಿಲು ದಿನಕ್ಕೆ ಮೂವತ್ತು ಸಲ ತೆರೆದರೂ ವರ್ಷಕ್ಕೆ ಹತ್ತು ಸಾವಿರ ಸಲವಾಯಿತು. ಕೊಳವೆಯನ್ನು ಜಾರಿಸಿ ನೋಡಿದಾಗ ಕಪ್ಪು ಗೆರೆಯ ಬಿಳಿ ತಂತಿಯ ಹೊದಿಕೆ ಸೀಳಿ, ತಾಮ್ರದ ಎಳೆಗಳು ಬಾಗಿಲಿನ ಚೌಕಟ್ಟಿನ ಅಂಚಿಗೆ ಮೀಸೆಯಂತೆ ಚಾಚಿಕೊಂಡಿದ್ದವು.

ಕೆಟ್ಟ ತುಂಡನ್ನು ಕತ್ತರಿಸಿ ಹೊಸ ತಂತಿ ಹಾಕಿ ಬೆಸೆದೆವು. ಬೆಸುಗೆ ಹಾಕಿದ ತಂತಿ ಗಡುಸಾಗುವುದರಿಂದ ಮಡಿಯುವ ಸ್ಥಳದಲ್ಲಿ ಬಹುಬೇಗ ಮುರಿಯುತ್ತದೆ. ಆದುದರಿಂದ ಬೆಸುಗೆಗಳು ಕೊಳವೆಯ ಹೊರಗೆ, ಎರಡು ಕಡೆಯೂ ತಂತಿ ಅಲುಗದ ಜಾಗಕ್ಕೆ ಬರುವಂತೆ ನೋಡಿಕೊಂಡೆವು. ಖರ್ಚು ಐವತ್ತು ರೂಪಾಯಿಯೂ ಆಗಲಿಲ್ಲ.

ಪ್ಲಗ್ಗನ್ನು ಮರಳಿ ಕೂರಿಸುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹಾಡಿನ ಗೊಂದಲಕ್ಕಿಂತ ಅದೇ ದೊಡ್ಡದು. ಬ್ಯಾಟರಿಯಿಂದ ಸೆಟ್ಟಿಗೆ ಸದಾ ವಿದ್ಯುತ್ತನ್ನು ತರುವ ಹಳದಿ ತಂತಿಯಲ್ಲಿ ಫ್ಯೂಸು ಇರಲಿಲ್ಲ. ಹೊಸ ಸೆಟ್ಟನ್ನು ಕೂರಿಸಿದವರು ಫ್ಯೂಸಿನ ಡಬ್ಬಿಯನ್ನು ಕತ್ತರಿಸಿ, ತಂತಿಯನ್ನು ಬ್ಯಾಟರಿಯ ಕಡೆಯ ತಂತಿಗೆ ನೇರವಾಗಿ ಹೆಣೆದು ಟೇಪು ಸುತ್ತಿದ್ದರು. ಬಿಳಿ ತಂತಿ ಕಬ್ಬಿಣವನ್ನು ತಾಕಿದಾಗ ಅದನ್ನು ತಡೆಯಲು ಬಿಲ್ಲೆಯ ರಕ್ಷಣೆಯಿತ್ತು. ಹಳದಿ ತಂತಿ ತಾಕಿದ್ದರೆ? ೦.೭೫ ಚದರ ಮಿಲಿಮೀಟರು ದಪ್ಪದ ೩ ಮೀಟರು ತಾಮ್ರದ ತಂತಿಯ ರೋಧ ಸುಮಾರು ೦.೦೭ ಓಮು. ೧೨ ವೋಲ್ಟಿಗೆ ಅದರಲ್ಲಿ ೧೭೦ ಆಂಪಿಯರು ಹರಿಯಬಹುದು. ಕಾರಿನ ಬ್ಯಾಟರಿ ಅಷ್ಟನ್ನು ಕೊಡಬಲ್ಲದು. ಅಂದರೆ ಎರಡು ಸಾವಿರ ವಾಟು, ಸ್ನಾನದ ನೀರು ಕಾಯಿಸುವ ದೊಡ್ಡ ಹೀಟರಿನಷ್ಟು ಶಾಖ, ಬೆರಳಿಗಿಂತ ಸಣ್ಣ ತಂತಿಯಲ್ಲಿ, ಪ್ಲಾಸ್ಟಿಕ್ಕಿನ ಮತ್ತು ಬಟ್ಟೆಯ ನಡುವೆ!

ಅಂದೇ ಹತ್ತು ಆಂಪಿಯರಿನ ಫ್ಯೂಸನ್ನು ತಂದು ಹಳದಿ ತಂತಿಯಲ್ಲಿ, ವಿದ್ಯುತ್ತು ಬರುವ ತುದಿಗೆ ಸಮೀಪದಲ್ಲಿ ಹಾಕಿದೆವು. ಹಳೆಯ ಸೆಟ್ಟು ಎಲ್ಲಿದೆಯೆಂದು ಕೇಳಿದೆ. ಹೊಸದನ್ನು ಕೊಂಡಾಗ ಇನ್ನೂರು ರೂಪಾಯಿ ಕಳೆದುಕೊಳ್ಳುತ್ತೇವೆಂದು ಹೇಳಿ ಅಂಗಡಿಯವರೇ ಅದನ್ನು ಇಟ್ಟುಕೊಂಡರಂತೆ.